ರಾಯಚೂರಿನ ಬೋರ್ ನೀರು, ಒಂದು ಡಿಶ್‌ವಾಶರ್: ಉಪ್ಪು ಬೇಕಾ, ಬೇಡವಾ?

ಡಿಶ್‌ವಾಶರ್‌ಗೆ ಉಪ್ಪು ಹಾಕಬೇಕಾ, ರಿನ್ಸ್ ಏಡ್ (ಕೊನೆಯಲ್ಲಿ ಜಾಲಿಸುವ ನೀರಿಗೆ ಸೇರುವ ದ್ರವ) ಬೇಕೇ ಬೇಕಾ ಎಂದು ಯಾರಾದರೂ ಕೇಳಿದರೆ ನಾನು ಯಂತ್ರದ ಹೆಸರು ಕೇಳುವುದಿಲ್ಲ. ಮನೆಗೆ ಯಾವ ನೀರು ಬರುತ್ತದೆ ಎಂದು ಕೇಳುತ್ತೇನೆ. ಮನೆಯ ಯಂತ್ರಗಳ ರಿಪೇರಿ ನನ್ನ ಕಸುಬು. ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ ಕಡೆ ಓಡಾಟ. ಇಲ್ಲಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ಥರದ ನೀರು ಸಿಗುವುದು ಕಷ್ಟ. ಈ ಪ್ರಕರಣದಲ್ಲಂತೂ ಒಂದೇ ಮನೆಯ ನೀರು ವಾರಕ್ಕೊಂದು ಥರ ಇತ್ತು. ಎಡವಟ್ಟಾಗಿದ್ದು ಅಲ್ಲೇ.

ಮನೆ ಮತ್ತು ನೀರು

ಲಿಂಗಸುಗೂರು ರಸ್ತೆ ಕಡೆಯ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಇಬ್ಬರು ಮಕ್ಕಳು, ಗಂಡನ ತಾಯಿ. ಪಾತ್ರೆ ತೊಳೆಯಲು ಬರುತ್ತಿದ್ದವರು ಕೆಲಸ ಬಿಟ್ಟ ಮೇಲೆ ದೀಪಾವಳಿ ಆಫರ್‌ನಲ್ಲಿ 13 ಪ್ಲೇಸ್ ಸೆಟ್ಟಿಂಗ್‌ನ, ಅಂದರೆ 13 ಜನರ ಊಟದ ಪಾತ್ರೆ ಹಿಡಿಯುವ, ಡಿಶ್‌ವಾಶರ್ ತಂದಿದ್ದರು. ನಾನು ಹೋದಾಗ ಯಂತ್ರ ಇನ್ನೂ ಗ್ಯಾರಂಟಿಯಲ್ಲೇ ಇತ್ತು.

ಮನೆಗೆ ಎರಡು ನೀರು. ಒಂದು ನಲ್ಲಿ ನೀರು, ಅಂದರೆ ನದಿಯದು. ಅದು ದಿನಾ ಬರುವುದಿಲ್ಲ, ಬಂದಾಗ ಸಂಪಿಗೆ ಬಿಟ್ಟುಕೊಳ್ಳುತ್ತಾರೆ. ಇನ್ನೊಂದು ಅಂಗಳದ ಬೋರ್. ಸಂಪಿನ ನೀರನ್ನು ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ. ಸಂಪು ಬರಿದಾದರೆ ಅದೇ ಟ್ಯಾಂಕಿಗೆ ಬೋರ್ ನೀರು ಬಿಡುತ್ತಾರೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಆದರೂ ಊರಿನ ಅರ್ಧ ಪಾತ್ರೆ ತೊಳೆಯುವುದು ಬೋರ್ ನೀರಲ್ಲೇ, ಏನು ಮಾಡೋದು.

ನಮ್ಮ ನೆಲದ ಕೆಳಗೆ ಗ್ರಾನೈಟ್ ಜಾತಿಯ ಕಲ್ಲು. ಕಲ್ಲಿನ ಬಿರುಕುಗಳಲ್ಲಿ ಬಹಳ ಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲವನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಜನ ಇದನ್ನು ಒಟ್ಟಾರೆ ಸವಳು ನೀರು ಅನ್ನುತ್ತಾರೆ. ಡಿಶ್‌ವಾಶರ್ ವಿಷಯದಲ್ಲಿ ಮಾತ್ರ ಇವನ್ನು ಬೇರೆ ಬೇರೆ ಮಾಡಿ ನೋಡಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ನೀರು ಗಡಸು. ಬಿಸಿ ಮಾಡಿದಾಗ ಗೀಸರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂರುವುದು ಇವೇ. ಸೋಡಿಯಂನ ಲವಣಗಳು ಹಾಗೆ ಕೂರುವುದಿಲ್ಲ. ನೀರು ಆರಿದಾಗ ಪುಡಿಯಾಗಿ ಉಳಿಯುತ್ತವೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತವೆ.

ದೂರು

ಗಾಜಿನ ಲೋಟಗಳು ಮಂಜು ಕವಿದ ಹಾಗೆ ಮಂಕಾಗಿದ್ದವು. ಸ್ಟೀಲ್ ತಟ್ಟೆಗಳ ಮೇಲೆ ಬಿಳಿ ಚುಕ್ಕೆ. ಯಂತ್ರದ ಬಾಗಿಲಿನ ಒಳಮೈಗೆ ಕೈ ಆಡಿಸಿದರೆ ಒರಟು. ಇಷ್ಟೇ ಆಗಿದ್ದರೆ ನೋಡಿದ ಕೂಡಲೇ ಹೇಳಿಬಿಡಬಹುದಿತ್ತು. ಆದರೆ ಮನೆಯಾಕೆ ಇನ್ನೊಂದು ಮಾತು ಹೇಳಿದರು: "ಕೆಲವು ವಾರ ಚಲೋ ಬರ್ತಾವ್ರಿ. ಕೆಲವು ವಾರ ಹಿಂಗ. ಟ್ಯಾಬ್ಲೆಟ್ ಪ್ಯಾಕೆಟ್ ಬದಲಾದಾಗ ಹಿಂಗಾಗ್ತದೋ ಏನೋ." ಅದಕ್ಕೇ ಅವರು ಮೂರು ಕಂಪನಿಯ ಟ್ಯಾಬ್ಲೆಟ್, ಅಂದರೆ ಯಂತ್ರಕ್ಕೆ ಹಾಕುವ ಸೋಪಿನ ಬಿಲ್ಲೆ, ಬದಲಿಸಿ ನೋಡಿದ್ದರು.

ಸಲಹೆಗಳಿಗೆ ಬರ ಇರಲಿಲ್ಲ. ಯಂತ್ರ ಮಾರಿದ ಅಂಗಡಿಯವರು "ಆಲ್ ಇನ್ ಒನ್ ಟ್ಯಾಬ್ಲೆಟ್ ಹಾಕಿ, ಅದರಲ್ಲೇ ಎಲ್ಲಾ ಇದೆ, ಉಪ್ಪು ಗಿಪ್ಪು ಸುಮ್ನೆ ಖರ್ಚು" ಎಂದಿದ್ದರು. ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ ಅದನ್ನೇ ಹೇಳಿದ್ದರು: "ಅಕ್ಕಾ, ನಾನು ಉಪ್ಪು ಮುಟ್ಟೇ ಇಲ್ಲ. ಗ್ಲಾಸು ಫಳಫಳ ಅಂತಾವೆ." ಕುಡಿಯುವ ನೀರಿನ ಆರ್‌ಒ ನೋಡಿಕೊಳ್ಳಲು ಬಂದಿದ್ದ ಹುಡುಗ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ತೋರಿಸುವ ಪೆನ್ನು ಅದ್ದಿ, 1400 ಚಿಲ್ಲರೆ ತೋರಿಸಿ, "ಈ ನೀರಿಗೆ ಈ ಮಷಿನ್ ಆಗಲ್ಲ, ಇಡೀ ಮನೆಗೆ ಸಾಫ್ಟ್ನರ್ ಹಾಕಿಸಿ" ಎಂದು ಹೆದರಿಸಿ ಹೋಗಿದ್ದ. ಸಾಫ್ಟ್ನರ್ ಅಂದರೆ ನೀರಿನ ಗಡಸುತನ ತೆಗೆಯುವ ಸಾಧನ.

ತಂಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರ ಮನೆಗೆ ಬರುವುದು ಕಾವೇರಿ ನೀರು, ಅದು ನಮ್ಮ ಬೋರಿನಷ್ಟು ಗಡಸಲ್ಲ.

ಅತ್ತೆ ಹೇಳಿದ್ದು

ನಾನು ಲೋಟ ತಿರುಗಿಸಿ ನೋಡುತ್ತಿದ್ದಾಗ ಹಿರಿಯ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. "ತಮ್ಮಾ, ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ. ನಾ ಬ್ಯಾಳಿಗಿ ನಲ್ಲಿ ನೀರ್ ಬ್ಯಾರೆ ಹಿಡಿದಿಟ್ಟೀನಿ. ಬ್ಯಾಳಿ ಬೇಯದ ವಾರನ ಗಲಾಸೂ ಬೆಳ್ಳಗಾಗ್ತಾವ."

ನನ್ನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಗಡಸು ನೀರಿನ ಕ್ಯಾಲ್ಸಿಯಂ ತೊಗರಿಬೇಳೆಯ ಒಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕರಗುವುದಿಲ್ಲ. ಲೋಟದ ಮೇಲೆ ಕೂರುವುದೂ ಅದೇ ಕ್ಯಾಲ್ಸಿಯಂ. ಒಳ್ಳೆಯ ವಾರ, ಕೆಟ್ಟ ವಾರ ಎಂದು ಮನೆಯಾಕೆ ಲೆಕ್ಕ ಹಾಕಿದ್ದು ನಿಜವಾಗಿ ನಲ್ಲಿ ನೀರಿನ ವಾರ, ಬೋರ್ ನೀರಿನ ವಾರ. ಟ್ಯಾಬ್ಲೆಟ್‌ನ ಪಾಲು ಏನೂ ಇರಲಿಲ್ಲ. ಪ್ಯಾಕೆಟ್ ಬದಲಾದಾಗ ನೀರೂ ಬದಲಾಗಿತ್ತು, ಅಷ್ಟೇ.

ಪರೀಕ್ಷೆ

ಮೊದಲು ಲೋಟದ ಬಿಳುಪು ಯಾವುದು ಎಂದು ತಿಳಿಯಬೇಕು. ಒಂದು ಮಂಕಾದ ಲೋಟವನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿಟ್ಟೆ. ನಿಂಬೆರಸವೂ ಆಗುತ್ತದೆ. ಹುಳಿಗೆ ಬಿಳುಪು ಕರಗಿದರೆ ಅದು ಸುಣ್ಣ. ಕರಗದೆ ಉಳಿದರೆ ಗಾಜೇ ಸವೆದಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ. ಇಲ್ಲಿ ಹೆಚ್ಚಿನ ಲೋಟಗಳು ತಿಳಿಯಾದವು. ಒಂದೆರಡು ಬೆಲೆಬಾಳುವ ತೆಳು ಲೋಟಗಳು ಮಾತ್ರ ಹಾಗೇ ಉಳಿದವು. ಅವನ್ನು ದಿನಾ ಅತಿ ಬಿಸಿಯ ಪ್ರೋಗ್ರಾಂನಲ್ಲಿ ಹಾಕುತ್ತಿದ್ದರಂತೆ. ಅವು ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಎಂದು ನೇರವಾಗಿ ಹೇಳಿದೆ.

ಆಮೇಲೆ ನೀರು. ಟಿಡಿಎಸ್ ಪೆನ್ನು ನೀರಿನಲ್ಲಿ ಕರಗಿದ ಎಲ್ಲಾ ಲವಣಗಳ ಅಂದಾಜು ಕೊಡುತ್ತದೆ. ಅದರಲ್ಲಿ ಗಡಸುತನದ ಪಾಲು ಎಷ್ಟು ಎಂದು ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಕೂಡ ಇವೆರಡಕ್ಕೆ ಬೇರೆ ಬೇರೆ ಮಿತಿ ಇಟ್ಟಿದೆ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ಪೆನ್ನು 1400 ತೋರಿಸಿದ ಕೂಡಲೇ ಗಡಸುತನವೂ 1400 ಎಂದು ಈ ಮನೆಯವರು ನಂಬಿದ್ದರು. ಯಂತ್ರವನ್ನು ಅರ್ಧ ಬೆಲೆಗೆ ಮಾರುವ ಯೋಚನೆಯೂ ಬಂದಿತ್ತು.

ಗಡಸುತನ ಅಳೆಯುವ ಹನಿ ಕಿಟ್ ನನ್ನ ಬ್ಯಾಗಿನಲ್ಲಿರುತ್ತದೆ. ನೀರಿಗೆ ಬಣ್ಣದ ಪುಡಿ ಹಾಕಿದರೆ ಕೆಂಪಾಗುತ್ತದೆ. ಅದು ನೀಲಿಗೆ ತಿರುಗುವವರೆಗೆ ಔಷಧಿ ಹನಿ ಹಾಕುತ್ತಾ ಹೋಗಬೇಕು. ಎಷ್ಟು ಹನಿ ಹಿಡಿಯಿತು ಎನ್ನುವುದರ ಮೇಲೆ ಲೆಕ್ಕ. ಬೋರ್ ನೀರಿನ ಗಡಸುತನ ಲೀಟರಿಗೆ ಸುಮಾರು 450 ಮಿಲಿಗ್ರಾಂ ಬಂತು. ಅಮ್ಮ ಬೇಳೆಗೆ ಹಿಡಿದಿಟ್ಟಿದ್ದ ನಲ್ಲಿ ನೀರು ಸುಮಾರು 100. ಟ್ಯಾಂಕಿನಲ್ಲಿ ಆ ದಿನ ಇದ್ದದ್ದು ಇವೆರಡರ ಮಿಶ್ರಣ.

ಡಿಶ್‌ವಾಶರ್ ಕೈಪಿಡಿಗಳು ಹೆಚ್ಚಾಗಿ ಜರ್ಮನ್ ಡಿಗ್ರಿಯಲ್ಲಿ ಮಾತಾಡುತ್ತವೆ. ಒಂದು ಜರ್ಮನ್ ಡಿಗ್ರಿ ಅಂದರೆ ಲೀಟರಿಗೆ 17.8 ಮಿಲಿಗ್ರಾಂ. ಹಾಗೆ ಲೆಕ್ಕ ಹಾಕಿದರೆ ಬೋರ್ ನೀರು 25 ಡಿಗ್ರಿ, ನಲ್ಲಿ ನೀರು 6ರ ಒಳಗೆ. ಈಗ ಟ್ಯಾಬ್ಲೆಟ್ ವಿಷಯ. ಆಲ್ ಇನ್ ಒನ್ ಟ್ಯಾಬ್ಲೆಟ್‌ನಲ್ಲಿ ಉಪ್ಪಿನ ಕೆಲಸ ಮಾಡುವ ರಾಸಾಯನಿಕಗಳು ಇರುವುದು ನಿಜ. ಅವು ಕ್ಯಾಲ್ಸಿಯಂ ಅನ್ನು ನೀರಿನಲ್ಲೇ ಹಿಡಿದಿಟ್ಟು, ಪಾತ್ರೆ ಮೇಲೆ ಕೂರದ ಹಾಗೆ ನೋಡಿಕೊಳ್ಳುತ್ತವೆ. ಆದರೆ ಅದಕ್ಕೂ ಮಿತಿ ಇದೆ. ಉಪ್ಪಿಲ್ಲದೆ ಟ್ಯಾಬ್ಲೆಟ್ ಒಂದನ್ನೇ ಬಳಸಲು ಸಾಮಾನ್ಯವಾಗಿ ಹೇಳುವ ಮಿತಿ 21 ಡಿಗ್ರಿ, ಅಂದರೆ ಸುಮಾರು 375 ಮಿಲಿಗ್ರಾಂ. ನಲ್ಲಿ ನೀರಿನ ವಾರದಲ್ಲಿ ಟ್ಯಾಬ್ಲೆಟ್ ಸಾಕಾಗುತ್ತಿತ್ತು, ಮಿಶ್ರಣದ ದಿನಗಳಲ್ಲೂ ಹೇಗೋ ನಡೆಯುತ್ತಿತ್ತು. ಬರೀ ಬೋರ್ ನೀರಾದ ಕೂಡಲೇ ಕೈಕೊಡುತ್ತಿತ್ತು.

ಇಷ್ಟು ತಿಂಗಳು ಯಂತ್ರ ಏಕೆ ಎಚ್ಚರಿಸಲಿಲ್ಲ? ಉಪ್ಪು ಮುಗಿದರೆ, ರಿನ್ಸ್ ಏಡ್ ಮುಗಿದರೆ ಅದರಲ್ಲಿ ದೀಪ ಹತ್ತಬೇಕು. ನೋಡಿದರೆ ಟ್ಯಾಬ್ಲೆಟ್ ಬಳಸುವವರಿಗೆಂದೇ ಇರುವ ಆಯ್ಕೆಯನ್ನು ಮೊದಲ ದಿನವೇ ಯಾರೋ ಒತ್ತಿ, ಎರಡೂ ದೀಪಗಳನ್ನು ಆರಿಸಿಟ್ಟಿದ್ದರು. ದೀಪ ಹತ್ತಿದರೆ ಗಿರಾಕಿ ಫೋನ್ ಮಾಡುತ್ತಾರೆ, ಆರಿದ್ದರೆ ಮಾಡುವುದಿಲ್ಲ. ಈ ಚಾಳಿ ನಾನು ಬೇರೆ ಮನೆಗಳಲ್ಲೂ ನೋಡಿದ್ದೇನೆ.

ಉಪ್ಪು ಎಲ್ಲಿಗೆ ಹೋಗುತ್ತದೆ

ಉಪ್ಪು ಎಂದ ಕೂಡಲೇ ಅಮ್ಮ ತಡೆದರು. "ಉಪ್ಪು ಹಾಕಿದ್ರ ಸ್ಟೀಲ್ ತುಕ್ ಹಿಡೀತದಲ್ಲಪಾ?" ಒಳ್ಳೆಯ ಪ್ರಶ್ನೆ, ಅಲ್ವಾ? ಉತ್ತರ ಸ್ವಲ್ಪ ಉದ್ದ.

ಯಂತ್ರದ ತಳದಲ್ಲಿ, ಪಾತ್ರೆಗಳು ಇರುವ ಜಾಗಕ್ಕೆ ಸಂಬಂಧವಿಲ್ಲದ ಹಾಗೆ, ಸಣ್ಣ ರೆಸಿನ್ ಮಣಿಗಳ ಒಂದು ಡಬ್ಬಿ ಇದೆ. ಒಳಗೆ ಬರುವ ನೀರು ಮೊದಲು ಅದರ ಮೂಲಕ ಹಾಯುತ್ತದೆ. ಮಣಿಗಳ ಮೇಲೆ ಸೋಡಿಯಂ ಕೂತಿರುತ್ತದೆ. ಕ್ಯಾಲ್ಸಿಯಂ ಬಂದಾಗ ಸೋಡಿಯಂ ಎದ್ದು ಅದಕ್ಕೆ ಸೀಟು ಬಿಟ್ಟುಕೊಡುತ್ತದೆ. ಸೀಟೆಲ್ಲಾ ಕ್ಯಾಲ್ಸಿಯಂ ಪಾಲಾದ ಮೇಲೆ ಬಸ್ಸು ಭರ್ತಿ, ಹೊಸಬರಿಗೆ ಜಾಗವಿಲ್ಲ. ಆಗ ಯಂತ್ರ ಪಕ್ಕದ ಉಪ್ಪಿನ ಡಬ್ಬಿಯಿಂದ ಗಟ್ಟಿ ಉಪ್ಪುನೀರು ಬಿಡುತ್ತದೆ. ಸೋಡಿಯಂ ರಾಶಿಯಾಗಿ ನುಗ್ಗಿ ಕ್ಯಾಲ್ಸಿಯಂ ಅನ್ನು ಎಬ್ಬಿಸುತ್ತದೆ. ಎದ್ದ ಕ್ಯಾಲ್ಸಿಯಂ ಆ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಉಪ್ಪಿನ ಕೆಲಸ ಇಷ್ಟೇ. ತಟ್ಟೆಗೂ ಆ ಉಪ್ಪುನೀರಿಗೂ ಭೇಟಿಯೇ ಇಲ್ಲ.

ಆದರೆ ಅಮ್ಮನ ಭಯದಲ್ಲಿ ಅರ್ಧ ಸತ್ಯ ಇದೆ. ತುಂಬುವಾಗ ಹೊರಗೆ ಚೆಲ್ಲಿದ ಉಪ್ಪು ಯಂತ್ರದ ತಳದಲ್ಲಿ ಹಾಗೇ ಉಳಿದರೆ ಸ್ಟೀಲನ್ನು ನಿಜವಾಗಿಯೂ ತಿನ್ನುತ್ತದೆ. ಅದಕ್ಕೇ ಉಪ್ಪು ತುಂಬಿದ ಕೂಡಲೇ ಒಂದು ಪ್ರೋಗ್ರಾಂ ಓಡಿಸಬೇಕು. ರಾತ್ರಿ ತುಂಬಿ ಬೆಳಿಗ್ಗೆ ಓಡಿಸೋಣ ಅನ್ನಬಾರದು.

ಯಾವ ಉಪ್ಪು ಎನ್ನುವುದಕ್ಕೆ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಡಿಶ್‌ವಾಶರ್ ಉಪ್ಪು ಅಂದರೆ ದಪ್ಪ ಹರಳಿನ, ಬೇರೇನೂ ಸೇರಿಸದ ಸೋಡಿಯಂ ಕ್ಲೋರೈಡ್. ಅಡುಗೆಯ ಪುಡಿ ಉಪ್ಪಿಗೆ ಅಯೋಡಿನ್ ಜೊತೆ ಗಂಟು ಕಟ್ಟದಿರಲು ಬೇರೆ ಪುಡಿಯೂ ಸೇರಿರುತ್ತದೆ. ಅದು ಡಬ್ಬಿಯಲ್ಲಿ ಕೆಸರಿನ ಹಾಗೆ ಕಟ್ಟಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ಕಲ್ಲುಪ್ಪು ದಪ್ಪಗಿದೆ, ಅಗ್ಗವೂ ಹೌದು. ಆದರೆ ಅದರಲ್ಲಿ ಮಣ್ಣು, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಯಾವುದನ್ನು ತೆಗೆಯಲು ಹೊರಟಿದ್ದೇವೋ ಅದನ್ನೇ ತಂದು ಸುರಿದ ಹಾಗಾಯಿತು.

ಮಾಡಿದ್ದು

ಮೊದಲು ಹಳೆಯ ಸುಣ್ಣ ತೆಗೆಯಬೇಕಿತ್ತು. ಖಾಲಿ ಯಂತ್ರದಲ್ಲಿ ಸಿಟ್ರಿಕ್ ಆಸಿಡ್ ಪುಡಿ, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದನ್ನೇ, ಹಾಕಿ ಬಿಸಿ ಪ್ರೋಗ್ರಾಂ ಓಡಿಸಿದೆವು. ನೀರು ಚಿಮ್ಮುವ ತೋಳುಗಳ ತೂತುಗಳಲ್ಲಿ ಗಟ್ಟಿಯಾಗಿದ್ದದ್ದನ್ನು ಹಲ್ಲುಕಡ್ಡಿಯಿಂದ ಬಿಡಿಸಿದೆ. ಫಿಲ್ಟರ್ ತೊಳೆದೆ. ಅದರಲ್ಲಿ ಜೋಳದ ಹಿಟ್ಟು ಅಂಟಿನಂತೆ ಕೂತಿತ್ತು. ಹಿಟ್ಟು ನಾದಿದ ಪಾತ್ರೆಯನ್ನು ಒಮ್ಮೆ ನೀರಿನಲ್ಲಿ ಜಾಲಿಸಿ ಇಡಿ ಎಂದೆ.

ಉಪ್ಪಿನ ಡಬ್ಬಿಗೆ ಮೊದಲ ಸಲ ಮಾತ್ರ ಬಾಯಿವರೆಗೆ ನೀರು ತುಂಬಿ, ಆಮೇಲೆ ಉಪ್ಪು ಸುರಿಯಬೇಕು. ಸುಮಾರು ಒಂದು ಕಿಲೋ ಹಿಡಿಯಿತು. ಉಪ್ಪು ಇಳಿದಂತೆ ನೀರು ಉಕ್ಕುತ್ತದೆ, ಗಾಬರಿ ಬೇಡ. ಮುಂದಿನ ಸಲದಿಂದ ನೀರು ಹಾಕುವಂತಿಲ್ಲ, ಉಪ್ಪು ಮಾತ್ರ.

ಈ ಯಂತ್ರದಲ್ಲಿ ಗಡಸುತನಕ್ಕೆ 0ಯಿಂದ 7ರವರೆಗೆ ಹಂತಗಳಿದ್ದವು. ಕಾರ್ಖಾನೆಯಿಂದ ಬಂದದ್ದು 4. ಕೈಪಿಡಿಯ ಪಟ್ಟಿಯಲ್ಲಿ 25 ಡಿಗ್ರಿಗೆ 6. ಇಲ್ಲಿ ಮನೆಯ ಯಜಮಾನರು ತಕರಾರು ತೆಗೆದರು. ತಿಂಗಳಲ್ಲಿ ಅರ್ಧದಷ್ಟು ದಿನಗಳು ನಲ್ಲಿ ನೀರೇ ಇರುತ್ತದಲ್ಲ, ನಡುವೆ ಎಲ್ಲೋ ಇಟ್ಟರೆ ಉಪ್ಪು ಉಳಿಯುತ್ತದಲ್ಲ ಎಂದು. ಲೆಕ್ಕ ಸರಿಯಾಗಿ ಕಂಡರೂ ನಾನು ಒಪ್ಪಲಿಲ್ಲ. ಹಂತ ಅಂದರೆ ಎಷ್ಟು ನೀರಿಗೊಮ್ಮೆ ಮಣಿಗಳನ್ನು ಉಪ್ಪುನೀರಲ್ಲಿ ತೊಳೆಯಬೇಕು ಎಂಬ ಲೆಕ್ಕ. ಟ್ಯಾಂಕಿನಲ್ಲಿ ಇವತ್ತು ಯಾವ ನೀರಿದೆ ಎಂದು ಈ ಯಂತ್ರಕ್ಕೆ ಗೊತ್ತಾಗುವುದಿಲ್ಲ. ನಡುವೆ ಇಟ್ಟರೆ ಬೋರ್ ವಾರದಲ್ಲಿ ಮಣಿಗಳು ಬೇಗ ಭರ್ತಿಯಾಗಿ ಗಡಸು ನೀರು ಹಾಗೇ ಒಳಗೆ ಬರುತ್ತದೆ, ಹೀಟರ್ ಮೇಲೆ ಕೂರುತ್ತದೆ. ಕೆಟ್ಟ ನೀರಿಗೆ ತಕ್ಕಂತೆ ಇಟ್ಟರೆ ಒಳ್ಳೆಯ ವಾರದಲ್ಲಿ ಸ್ವಲ್ಪ ಉಪ್ಪು ದಂಡ. ಹಾಗಂತ "ಇರಲಿ ಬಿಡಿ" ಎಂದು 7ಕ್ಕೆ ಏರಿಸುವುದೂ ತಪ್ಪು. ಅದು ಉಪ್ಪೂ ದಂಡ, ನೀರೂ ದಂಡ. ಅತಿ ಮೆದು ನೀರು ಗಾಜಿಗೂ ಒಳ್ಳೆಯದಲ್ಲ.

ನಲ್ಲಿ ನೀರನ್ನು ಬೇರೆ ಡ್ರಮ್ಮಿನಲ್ಲಿಟ್ಟು ಯಂತ್ರಕ್ಕೆ ಕೊಟ್ಟರೆ ಹೇಗೆ ಎಂದೂ ಕೇಳಿದರು. ಒಂದು ತೊಳೆತಕ್ಕೆ 10–15 ಲೀಟರ್ ಸಾಕು, ಹಾಗಾಗಿ ಯೋಚನೆ ಕೆಟ್ಟದ್ದಲ್ಲ. ತೊಂದರೆ ಒತ್ತಡದ್ದು. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಹಲವು ಯಂತ್ರಗಳಿಗೆ ಕನಿಷ್ಠ ಅರ್ಧ ಬಾರ್ ಬೇಕು. ಅಡುಗೆಮನೆ ಸ್ಟ್ಯಾಂಡಿನ ಮೇಲಿನ ಡ್ರಮ್ಮಿನಿಂದ ಅದು ಬರುವುದಿಲ್ಲ. ಮತ್ತೊಂದು ಟ್ಯಾಂಕು, ಮತ್ತೊಂದು ಪೈಪು, ಪ್ಲಂಬರ್ ಕೂಲಿ. ಅಷ್ಟು ದುಡ್ಡಿಗೆ ಎಷ್ಟೋ ವರ್ಷದ ಉಪ್ಪು ಬರುತ್ತದೆ. ಇಡೀ ಮನೆಗೆ ಸಾಫ್ಟ್ನರ್ ಹಾಕಿಸುವ ಮಾತನ್ನು ಅಲ್ಲಿಗೇ ಕೈಬಿಟ್ಟರು. ಗೀಸರ್, ವಾಷಿಂಗ್ ಮಷಿನ್ ಎಲ್ಲವೂ ಹಾಳಾಗುತ್ತಿದ್ದರೆ ಅದು ಬೇರೆ ವಿಷಯ.

ಮತ್ತೆ ಬಿಳಿ

ಒಂದೆರಡು ತೊಳೆತ ಆದ ಮೇಲೆ ಫೋನ್ ಬಂತು. "ಉಪ್ಪು ಹಾಕಿದ ಮೇಲೆ ಮೊದಲಿಗಿಂತ ಜಾಸ್ತಿ ಬೆಳ್ಳಗಾಗ್ಯಾವ್ರಿ." ದನಿಯಲ್ಲಿ ಸಿಟ್ಟಿತ್ತು. ನಾನು ಒಂದೇ ಕೆಲಸ ಹೇಳಿದೆ: ತಟ್ಟೆಯ ಬಿಳುಪಿಗೆ ಬೆರಳು ತಾಗಿಸಿ ನಾಲಿಗೆಗೆ ಇಡಿ. ಉಪ್ಪುಪ್ಪು ಎಂದರು. ಸುಣ್ಣಕ್ಕೆ ಆ ರುಚಿ ಇಲ್ಲ.

ಅಂದರೆ ಉಪ್ಪುನೀರು ಒಳಗೆ ಸೋರುತ್ತಿದೆ. ಉಪ್ಪು ಖಾಲಿಯಾಗದಿದ್ದರೂ ಮಗ ಮುಚ್ಚಳ ತೆಗೆದು ಇನ್ನಷ್ಟು ತುಂಬಿದ್ದನಂತೆ. ಹೋಗಿ ನೋಡಿದರೆ ಮುಚ್ಚಳದ ರಬ್ಬರ್ ರಿಂಗಿನಲ್ಲಿ ಒಂದು ಹರಳು ಸಿಕ್ಕಿಕೊಂಡಿತ್ತು. ಮುಚ್ಚಳ ಬಿಗಿಯಾದ ಹಾಗೆ ಕಾಣುತ್ತಿತ್ತು, ಆದರೆ ಕೂತಿರಲಿಲ್ಲ. ರಿಂಗು ಒರೆಸಿ, ಮತ್ತೆ ಬಿಗಿ ಮಾಡಿ, ಖಾಲಿ ಯಂತ್ರವನ್ನು ಒಮ್ಮೆ ಓಡಿಸಿದೆವು. ಬಿಳುಪು ಹೋಯಿತು. ಉಪ್ಪು ಹಾಕಿ ಕೆಟ್ಟೆವು ಎಂದು ಹೇಳುವ ಬಹಳ ಮನೆಗಳಲ್ಲಿ ಕಾರಣ ಈ ಮುಚ್ಚಳವೇ.

ಚುಕ್ಕೆಗಳು ಮತ್ತು ರಿನ್ಸ್ ಏಡ್

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಬೋರ್ ನೀರಿನ ವಾರದಲ್ಲಿ ಲೋಟದ ಮೇಲೆ ಇನ್ನೂ ಸಣ್ಣ ಚುಕ್ಕೆಗಳು ಉಳಿಯುತ್ತಿದ್ದವು. ಈ ಸಲ ಒರಟು ಪೊರೆ ಅಲ್ಲ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ಚುಕ್ಕೆ.

ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ರೆಸಿನ್ ಮಣಿಗಳು ನೀರಿನಿಂದ ಲವಣ ಕಡಿಮೆ ಮಾಡುವುದಿಲ್ಲ, ಬದಲಾಯಿಸುತ್ತವೆ ಅಷ್ಟೇ. ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಸಾಫ್ಟ್ನರ್ ದಾಟಿದ ನೀರಿಗೆ ಪೆನ್ನು ಅದ್ದಿದರೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಕೊನೆಯ ಜಾಲಿಸುವಿಕೆಯ ನೀರು ಹನಿಯಾಗಿ ಲೋಟದ ಮೇಲೆ ನಿಂತು ಆರಿದರೆ, ಪ್ರತಿ ಹನಿಯ ಜಾಗದಲ್ಲೂ ಒಂದು ಚುಕ್ಕೆ. ಟಿಡಿಎಸ್ ಕಡಿಮೆ ಇರುವ ಊರಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮಲ್ಲಿ ಬೀಳುತ್ತದೆ. ಉಪ್ಪು ಸುಣ್ಣಕ್ಕೆ ಮದ್ದು, ಚುಕ್ಕೆಗೆ ಅಲ್ಲ.

ಚುಕ್ಕೆಗೆ ಮದ್ದು ರಿನ್ಸ್ ಏಡ್. ಟ್ಯಾಬ್ಲೆಟ್‌ನಲ್ಲಿ ಅದೂ ಸ್ವಲ್ಪ ಇರುತ್ತದೆ, ಆದರೆ ಈ ನೀರಿಗೆ ಅದು ಸಾಲದು. ಬಾಗಿಲಿನ ಒಳಗೆ ಟ್ಯಾಬ್ಲೆಟ್ ಗೂಡಿನ ಪಕ್ಕದಲ್ಲೇ ಇದರ ಗೂಡು. ಕೊನೆಯ ಬಿಸಿನೀರಿನ ಸುತ್ತಿನಲ್ಲಿ ಯಂತ್ರ ಕೆಲವೇ ಮಿಲಿಲೀಟರ್ ಬಿಡುತ್ತದೆ. ಅದು ನೀರಿನ ಮೇಲ್ಮೈ ಎಳೆತ ಕಡಿಮೆ ಮಾಡುತ್ತದೆ. ನೀರು ಹನಿ ಕಟ್ಟದೆ ತೆಳು ಹಾಳೆಯಾಗಿ ಹರಡಿ ಇಳಿದುಹೋಗುತ್ತದೆ. ಲೋಟದ ಮೇಲೆ ನೀರೇ ನಿಲ್ಲದಿದ್ದರೆ ಚುಕ್ಕೆ ಎಲ್ಲಿಂದ ಬರಬೇಕು? ಪಾತ್ರೆ ಬೇಗ ಆರುವುದೂ ಇದರಿಂದಲೇ.

ಗೂಡು ತುಂಬಿ, ಪ್ರಮಾಣ ನಡುಮಟ್ಟದಲ್ಲಿಟ್ಟು ಬಂದೆ. ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುತ್ತದೆ ಅಂದುಕೊಂಡು ಮನೆಯವರು ಕೊನೆಯ ಹಂತಕ್ಕೆ ತಿರುಗಿಸಿದರು. ಲೋಟಗಳ ಮೇಲೆ ನೀಲಿ ಛಾಯೆಯ ಗೆರೆಗಳು ಬಂದವು. ಹಂತ ಹಂತವಾಗಿ ಇಳಿಸಿ ಎಂದೆ. ಗುರುತು ಸುಲಭ: ಹನಿಯ ಚುಕ್ಕೆ ಇದ್ದರೆ ಏರಿಸಿ, ಗೆರೆ ಕಂಡರೆ ಇಳಿಸಿ. ನಡುಮಟ್ಟದಿಂದ ಒಂದೇ ಹಂತ ಮೇಲೆ ನಿಂತಾಗ ಎರಡೂ ಮಾಯವಾದವು.

ಮಕ್ಕಳ ಪ್ಲಾಸ್ಟಿಕ್ ಟಿಫಿನ್ ಡಬ್ಬಿಗಳು ಮಾತ್ರ ಈಗಲೂ ಒದ್ದೆಯಾಗಿಯೇ ಹೊರಬರುತ್ತವೆ. ಪ್ಲಾಸ್ಟಿಕ್ ಬಿಸಿ ಹಿಡಿದಿಡುವುದಿಲ್ಲ, ಅದಕ್ಕೇ ತಾನಾಗಿ ಆರುವುದಿಲ್ಲ. ಯಾವ ರಿನ್ಸ್ ಏಡ್ ಹಾಕಿದರೂ ಅಷ್ಟೇ, ಒರೆಸಿಕೊಳ್ಳಬೇಕು. ರೊಟ್ಟಿ ಹಂಚು, ಹಿತ್ತಾಳೆ ತಂಬಿಗೆ ಒಳಗೆ ಹಾಕಲೇಬೇಡಿ ಎಂದಿದ್ದೇನೆ. ಅಮ್ಮ ಅವನ್ನು ಮೊದಲಿನಿಂದಲೂ ಯಂತ್ರದ ಹತ್ತಿರ ಬಿಟ್ಟಿರಲಿಲ್ಲ.

ಟ್ಯಾಬ್ಲೆಟ್ ಕೂಡಲೇ ಬಿಡಿಸಲಿಲ್ಲ. ಉಪ್ಪು, ರಿನ್ಸ್ ಏಡ್ ಬೇರೆ ಹಾಕುವುದಾದರೆ ಸಾದಾ ಪುಡಿಯೂ ಸಾಕು, ಖರ್ಚೂ ಕಡಿಮೆ. ಮನೆಯಲ್ಲಿರುವ ಡಬ್ಬ ಮುಗಿದ ಮೇಲೆ ಪುಡಿಗೆ ಬದಲಾಯಿಸಿ ಎಂದೆ. ಆರಿಸಿಟ್ಟಿದ್ದ ಎರಡು ದೀಪಗಳನ್ನು ಮತ್ತೆ ಹತ್ತುವ ಹಾಗೆ ಮಾಡಿದೆ.

ಅವರದ್ದೇ ಬೀದಿಯ ಇನ್ನೊಂದು ಮನೆಯವರು ಇದನ್ನೆಲ್ಲಾ ನೋಡಿ ಅಂಥದ್ದೇ ಯಂತ್ರ ತಂದರು. ಉಪ್ಪಿನ ಚೀಲವನ್ನೂ ಮೊದಲೇ ತಂದಿಟ್ಟುಕೊಂಡು ನನ್ನನ್ನು ಕರೆದರು. ಅವರ ಮನೆಯಲ್ಲಿ ಬೋರ್ ಇಲ್ಲ, ವರ್ಷವಿಡೀ ನಲ್ಲಿ ನೀರು. ಅಳೆದೆ, 6 ಡಿಗ್ರಿಯ ಒಳಗೇ ಬಂತು. ಹಂತ 0ಗೆ ಇಟ್ಟು, ರಿನ್ಸ್ ಏಡ್ ಮಾತ್ರ ತುಂಬಿ, ಉಪ್ಪಿನ ಚೀಲವನ್ನು ಮೊದಲ ಮನೆಗೆ ಕೊಡಿಸಿದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಮಾತ್ರ ಫೋನ್ ಮಾಡಿ, ಆ ನೀರು ಅಳೆದು ನೋಡೋಣ ಎಂದಿದ್ದೇನೆ.